ಗಿಟ್‌ನಲ್ಲಿ ಕಲ್ಲು ಯಾವುದು, ಬಳಪ ಯಾವುದು?

ಚಿಕ್ಕಮಗಳೂರಿನಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಊರಿನಲ್ಲೇ ಕೂತು ಕೆಲಸ ಮಾಡುವ ಪ್ರೋಗ್ರಾಮರ್‌ಗಳ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಅಲ್ಲಿ ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಗಿಟ್ ಅಂದರೆ ಪ್ರೋಗ್ರಾಮರ್‌ಗಳು ತಮ್ಮ ಕೋಡಿನ ಹಳೇ ರೂಪಗಳನ್ನೆಲ್ಲ ಜೋಪಾನವಾಗಿ ಇಟ್ಟುಕೊಳ್ಳಲು ಬಳಸುವ ಉಪಕರಣ.

ಎಲ್ಲರಿಗೂ ನಮಸ್ಕಾರ.

ಒಂದು ಮಳೆಗಾಲದ ಫೋನ್ ಕರೆಯಿಂದ ಶುರು ಮಾಡುತ್ತೇನೆ. ಜುಲೈ ತಿಂಗಳು. ಕೊಪ್ಪದ ಹತ್ತಿರದ ಹಳ್ಳಿಯಿಂದ ನಮ್ಮ ತಂಡದ ಹುಡುಗ ಫೋನ್ ಮಾಡಿದ. ಮನೆಯಲ್ಲಿ ಸಿಗ್ನಲ್ ಸಿಗದೆ ಗುಡ್ಡ ಹತ್ತಿ ಬಂದಿದ್ದ. ಮಾತಿಗಿಂತ ಗಾಳಿಯ ಸದ್ದೇ ಜಾಸ್ತಿ ಕೇಳುತ್ತಿತ್ತು. "ಅಕ್ಕಾ, ಮರ ಬಿದ್ದು ಮೂರು ದಿನದಿಂದ ನೆಟ್ ಇಲ್ಲ. ಕೆಲಸ ಎಲ್ಲಾ ಮುಗಿಸಿ ಇಟ್ಟಿದ್ದೀನಿ. ಆದ್ರೆ ಒಂದೂ ಕಮಿಟ್ ಮಾಡಕ್ಕಾಗಿಲ್ಲ" ಅಂದ.

"ಕಮಿಟ್ ಮಾಡೋಕೆ ನೆಟ್ ಯಾಕಪ್ಪಾ ಬೇಕು?" ಅಂತ ಕೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ.

ಆ ಹುಡುಗ ಚೆನ್ನಾಗಿ ಕೋಡ್ ಬರೆಯುತ್ತಾನೆ. ಬೇರೆಯವರು ಎರಡು ದಿನ ಒದ್ದಾಡುವ ದೋಷವನ್ನು ಒಂದು ಸಂಜೆಯಲ್ಲಿ ಹಿಡಿಯುತ್ತಾನೆ. ನಾಲ್ಕು ವರ್ಷದಿಂದ ದಿನಾ ಗಿಟ್ ಬಳಸುತ್ತಿದ್ದಾನೆ. ಆದರೂ ಕಮಿಟ್ ಅಂದರೆ ಕೋಡ್ ಎಲ್ಲೋ ದೂರದ ಸರ್ವರ್‌ಗೆ ಹೋಗುವುದು ಅಂತಲೇ ತಿಳಿದಿದ್ದ. ಅವನ ಕೈ ಯಾವಾಗಲೂ ಕಮಿಟ್, ಪುಶ್ ಎರಡನ್ನೂ ಒಂದೇ ಉಸಿರಿಗೆ ಒತ್ತುತ್ತಿತ್ತು. ಹಾಗಾಗಿ ಅವೆರಡೂ ಬೇರೆ ಬೇರೆ ಅಂತ ಗೊತ್ತಾಗುವ ಸಂದರ್ಭವೇ ಬಂದಿರಲಿಲ್ಲ. ಕಮಿಟ್ ಅಂದರೆ ಮಾಡಿದ ಕೆಲಸವನ್ನು ನಮ್ಮ ಯಂತ್ರದಲ್ಲೇ ದಾಖಲಿಸುವುದು. ಪುಶ್ ಅಂದರೆ ಆ ದಾಖಲೆಯನ್ನು ಸರ್ವರ್‌ಗೆ ಕಳಿಸುವುದು. ಮೂರು ದಿನದ ಕೆಲಸ ಎಲ್ಲೂ ದಾಖಲಾಗದೆ ಅವನ ಲ್ಯಾಪ್‌ಟಾಪಿನಲ್ಲಿ ಸುಮ್ನೆ ಕೂತಿತ್ತು. ಆ ಮಳೆಯಲ್ಲಿ, ಆ ಕರೆಂಟಿನಲ್ಲಿ.

ಅವನೊಬ್ಬನೇ ಅಲ್ಲ. ಈಗಷ್ಟೇ ನಿಮ್ಮನ್ನು ಕೇಳಿದೆ, ಎಷ್ಟು ಜನ ಗಿಟ್ ಬಳಸುತ್ತೀರಿ ಅಂತ. ಹೆಚ್ಚುಕಡಿಮೆ ಎಲ್ಲರ ಕೈ ಮೇಲೆ ಹೋಯಿತು. ಮುಖ್ಯ ಕೋಡ್ ಮುಟ್ಟದೆ ಪಕ್ಕದಲ್ಲಿ ಕೆಲಸ ಮಾಡಲು ಬ್ರಾಂಚ್ ತೆಗೆಯುತ್ತೇವಲ್ಲ, ಆ ಬ್ರಾಂಚ್ ಅಂದರೆ ಡಿಸ್ಕಿನ ಮೇಲೆ ನಿಜವಾಗಿ ಏನಿರುತ್ತದೆ ಅಂತ ಕೇಳಿದಾಗ ಕೈಗಳು ಇಳಿದವು. ಎತ್ತಿದವರಲ್ಲಿ ಒಬ್ಬರು "ಇಡೀ ಪ್ರಾಜೆಕ್ಟಿನ ಇನ್ನೊಂದು ಕಾಪಿ" ಅಂದರು. ಕೇಳಿದವರಿಗೆ ಅದೇ ಸರಿ ಅನಿಸುತ್ತದೆ. ಹತ್ತು ವರ್ಷ ಅನುಭವ ಇರುವವರ ಬಾಯಲ್ಲೂ ನಾನು ಅದೇ ಉತ್ತರ ಕೇಳಿದ್ದೇನೆ.

ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟಾಕ್ ಓವರ್‌ಫ್ಲೋ 2022ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಉತ್ತರ ಕೊಟ್ಟವರ ಪೈಕಿ 100ಕ್ಕೆ 90ಕ್ಕಿಂತ ಜಾಸ್ತಿ ಜನ ಗಿಟ್ ಬಳಸುತ್ತೇವೆ ಅಂದಿದ್ದರು. ಇಷ್ಟು ಜನ ದಿನಾ ಹಿಡಿಯುವ ಉಪಕರಣ ಇನ್ನೊಂದಿಲ್ಲ. ಆದರೆ ಹೆಚ್ಚಿನವರಿಗೆ ಗೊತ್ತಿರುವುದು ಆರೇಳು ಕಮಾಂಡ್. ಅವೂ ಬಾಯಿಪಾಠ. ಎಲ್ಲಾ ಸರಿ ಇದ್ದಾಗ ಅಷ್ಟೇ ಸಾಕು. ಒಂದು ಸಾಲು ಕೆಂಪು ಅಕ್ಷರ ಬಂದ ಕೂಡಲೇ ಕೈ ನಡುಗುತ್ತದೆ. ಆ ಭಯದ ಬಗ್ಗೆಯೇ ಇವತ್ತು ಮಾತಾಡಬೇಕು ಅಂತ ಬಂದೆ.

ಮೊದಲು ನನ್ನದೇ ಒಂದು ದಿನ ಹೇಳುತ್ತೇನೆ. ಬೆಂಗಳೂರಿನಲ್ಲಿ ನನ್ನ ಮೊದಲ ಕೆಲಸ. ಒಂದು ಶುಕ್ರವಾರ ಸಂಜೆ ರಿಬೇಸ್, ಅಂದರೆ ನನ್ನ ಕಮಿಟ್‌ಗಳನ್ನು ಬೇರೊಂದು ಕಮಿಟ್‌ನ ಮೇಲೆ ಕೂರಿಸುವ ಕೆಲಸ, ಮಾಡುವಾಗ ಏನೋ ಎಡವಟ್ಟಾಯಿತು. ನಾಲ್ಕು ದಿನ ಬರೆದ ಕೋಡ್ ಕಾಣಿಸುತ್ತಿಲ್ಲ. ಹೆಡ್ ಡಿಟ್ಯಾಚ್ ಆಗಿದೆ ಅಂತ ಏನೋ ಬಂತು. ಅದನ್ನು ಓದಿ ನನಗೆ ಎದೆ ಹೊಡೆದುಕೊಂಡಿತು. ಅಲ್ಲಿ ಎಲ್ಲರೂ ಮಾಡುತ್ತಿದ್ದದ್ದನ್ನೇ ನಾನೂ ಮಾಡಿದೆ. ಇಡೀ ಫೋಲ್ಡರ್ ಡಿಲೀಟ್ ಮಾಡಿ, ಸರ್ವರ್‌ನಿಂದ ಹೊಸದಾಗಿ ಕ್ಲೋನ್, ಅಂದರೆ ಕಾಪಿ, ಮಾಡಿಕೊಂಡೆ. ಶನಿವಾರ, ಭಾನುವಾರ ಕೂತು ನೆನಪಿದ್ದಷ್ಟನ್ನು ಮತ್ತೆ ಬರೆದೆ. ಎರಡು ವರ್ಷ ಕಳೆದ ಮೇಲೆ ರೆಫ್‌ಲಾಗ್ ಅನ್ನುವುದು ಗೊತ್ತಾಯಿತು, ನಾವು ಯಾವ ಯಾವ ಕಮಿಟ್‌ನಲ್ಲಿ ನಿಂತಿದ್ದೆವು ಅಂತ ಗಿಟ್ ಬರೆದಿಡುವ ಪಟ್ಟಿ ಅದು. ಆಗ ತಿಳಿಯಿತು, ಆ ನಾಲ್ಕು ದಿನದ ಕೆಲಸ ಅದೇ ಫೋಲ್ಡರ್‌ನಲ್ಲಿ ಒಂದಿಷ್ಟೂ ಮುಕ್ಕಾಗದೆ ಇತ್ತು. ಗಿಟ್ ಅದನ್ನು ಕಾಪಾಡಿ ಇಟ್ಟಿತ್ತು. ಕಳೆದದ್ದು ನಾನು. ಇವತ್ತಿಗೂ ಅದು ನೆನಪಾದರೆ ಬೇಜಾರಾಗುತ್ತದೆ. ಅದಕ್ಕೇ ನಿಮಗೆ ಇದನ್ನು ಹೇಳಲೇಬೇಕು ಅನಿಸುತ್ತದೆ.

ಗಿಟ್‌ನ ಹುಟ್ಟಿನ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕೋಡಿನ ಹಳೇ ರೂಪಗಳನ್ನು ಜೋಪಾನ ಮಾಡುವ ಉಪಕರಣಗಳು 1970ರ ದಶಕದಿಂದಲೇ ಇವೆ. ಗಿಟ್‌ಗಿಂತ ಸ್ವಲ್ಪ ಮುಂಚೆ ಎಲ್ಲ ಕಡೆ ಇದ್ದದ್ದು ಸಿವಿಎಸ್, ಆಮೇಲೆ ಸಬ್‌ವರ್ಶನ್. ಅವುಗಳಲ್ಲಿ ಕಮಿಟ್ ಅಂದರೆ ನಿಜವಾಗಿಯೂ ಸರ್ವರ್‌ಗೆ ಹೋಗುವುದೇ. ನೆಟ್ ಬೇಕೇ ಬೇಕು. ನಮ್ಮ ಕೊಪ್ಪದ ಹುಡುಗನ ತಿಳಿವಳಿಕೆ ಆಕಾಶದಿಂದ ಬಿದ್ದದ್ದಲ್ಲ. ಅವನಿಗೆ ಕಲಿಸಿದವರು ಸಬ್‌ವರ್ಶನ್ ಕಾಲದವರು. ಪದ ಅದೇ ಉಳಿಯಿತು, ಒಳಗಿನ ಕೆಲಸ ಬದಲಾಯಿತು.

ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಬರೆಯುವ ತಂಡ 2002ರಿಂದ ಬಿಟ್‌ಕೀಪರ್ ಅನ್ನುವ ಇಂಥದೇ ಉಪಕರಣ ಬಳಸುತ್ತಿತ್ತು. ಅದು ಒಂದು ಕಂಪನಿಯದು. ಕರ್ನಲ್ ಬರೆಯುವವರಿಗೆ ದುಡ್ಡಿಲ್ಲದೆ ಕೊಟ್ಟಿದ್ದರು. 2005ರಲ್ಲಿ ಆ ಸೌಲಭ್ಯ ನಿಂತುಹೋಯಿತು. ಆಗ ಲಿನಕ್ಸ್ ಶುರು ಮಾಡಿದ ಲಿನಸ್ ಟೋರ್ವಾಲ್ಡ್ಸ್ ತಾವೇ ಒಂದು ಉಪಕರಣ ಬರೆಯಲು ಕೂತರು. ಏಪ್ರಿಲ್ 7ಕ್ಕೆ ಗಿಟ್‌ನ ಮೊದಲ ಕಮಿಟ್ ಗಿಟ್‌ನಲ್ಲೇ ಆಯಿತು. ಜುಲೈನಲ್ಲಿ ಅದರ ಹೊಣೆಯನ್ನು ಜೂನಿಯೋ ಹಮಾನೋ ಅವರಿಗೆ ಒಪ್ಪಿಸಿದರು. ಹೀಗೆ, ಪ್ರಪಂಚದ ಮೂಲೆಮೂಲೆಯಿಂದ ಸಾವಿರಾರು ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಕೂಡಿಸುವ ಕರ್ನಲ್ ತಂಡದ ತುರ್ತಿಗೆ ಹುಟ್ಟಿದ ಉಪಕರಣ ಇದು. ಮೊದಲ ಸಲ ಕಾಲೇಜು ಪ್ರಾಜೆಕ್ಟ್ ಮಾಡುವವರನ್ನು ಮನಸ್ಸಿನಲ್ಲಿಟ್ಟು ಯಾರೂ ಅದನ್ನು ಕಟ್ಟಲಿಲ್ಲ. ಈ ಮಾತನ್ನು ನೆನಪಿಡಿ, ಮತ್ತೆ ಬರುತ್ತೇನೆ.

ಗಿಟ್‌ಹಬ್ ಬಂದದ್ದು 2008ರಲ್ಲಿ. ಅದು ಗಿಟ್ ರೆಪೊಗಳನ್ನು, ಅಂದರೆ ಚರಿತ್ರೆ ಸಮೇತ ಪ್ರಾಜೆಕ್ಟ್‌ಗಳನ್ನು, ನೆಟ್‌ನಲ್ಲಿ ಇಟ್ಟುಕೊಳ್ಳುವ ಒಂದು ಜಾಗ. ಗಿಟ್‌ಹಬ್ ಇಲ್ಲದೆಯೂ ಗಿಟ್ ಪೂರ್ತಿ ಕೆಲಸ ಮಾಡುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಇರುವುದೂ ಇಡೀ ಚರಿತ್ರೆಯೇ. ವಾರಗಟ್ಟಲೆ ಕರೆಂಟ್, ನೆಟ್ ಎರಡೂ ಕೈಕೊಡುವ ಮಲೆನಾಡಿಗೆ ಇದಕ್ಕಿಂತ ಹೊಂದುವ ಉಪಕರಣ ಬೇರೆ ಬೇಕಾ? ಹತ್ತು ಕಮಿಟ್ ಮಾಡಿ ಇಟ್ಟುಕೊಳ್ಳಿ. ಪೇಟೆಗೆ ಬಂದಾಗ ಒಂದೇ ಸಲ ಪುಶ್ ಮಾಡಿ.

ಈಗ ಮುಖ್ಯ ವಿಷಯ. ಗಿಟ್ ಒಳಗೆ ಇರುವುದನ್ನು ತಿಳಿಯಲು ನನಗೆ ತುಂಬಾ ನೆರವಾದದ್ದು ನಮ್ಮ ಜಿಲ್ಲೆಯ ಎರಡು ವಸ್ತುಗಳು. ಒಂದು ಶಾಸನ. ಇನ್ನೊಂದು ಕಡತ.

ಶಾಸನ ನಿಮಗೆಲ್ಲ ಗೊತ್ತು. ಇಲ್ಲಿಂದ ಬೇಲೂರಿಗೆ ಹೋಗಿ, ದೇವಸ್ಥಾನದ ಸುತ್ತ ನೋಡಿ. ಅಷ್ಟು ದೂರ ಯಾಕೆ, ನಿಮ್ಮೂರಿನ ತೋಟದ ಅಂಚಿನಲ್ಲೇ ಒಂದು ವೀರಗಲ್ಲು ನಿಂತಿರಬಹುದು. ನಮ್ಮ ಜಿಲ್ಲೆಗೆ ಕಡೂರು ಜಿಲ್ಲೆ ಅಂತ ಹೆಸರಿದ್ದ ಕಾಲದಲ್ಲಿ ಬಿ.ಎಲ್. ರೈಸ್ ಇಲ್ಲಿನ ಶಾಸನಗಳನ್ನು ಓದಿಸಿ, ತಾಲ್ಲೂಕುವಾರು ನಂಬರ್ ಕೊಟ್ಟು, 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಆರನೇ ಸಂಪುಟವಾಗಿ ಹೊರತಂದರು. ಒಮ್ಮೆ ಕೆತ್ತಿದ ಶಾಸನವನ್ನು ತಿದ್ದುವ ಹಾಗಿಲ್ಲ. ಬೇರೆ ಮಾತು ಹೇಳಬೇಕಾದರೆ ಬೇರೆ ಕಲ್ಲು ನಿಲ್ಲಿಸಬೇಕು.

ಕಡತ ಅಂದರೆ ಈಗ ನಾವು ಆಫೀಸಿನ ಫೈಲ್ ಅಂತೀವಿ, ಕಂಪ್ಯೂಟರಿನ ಫೈಲಿಗೂ ಅದೇ ಪದ ಹೇಳುತ್ತೀವಿ. ಹಳೇ ಕಡತ ಬಟ್ಟೆಯದು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಕಲಸಿ ಬಳಿದು, ಕಪ್ಪಗೆ ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಇಡುತ್ತಿದ್ದರು. ಬರೆಯುವುದು ಬಳಪದಲ್ಲಿ. ಲೆಕ್ಕ ಬದಲಾದರೆ ಒರೆಸಿ ಮತ್ತೆ ಬರೆಯಬಹುದು. ಶೃಂಗೇರಿ ಮಠದಲ್ಲಿ ಇಂಥ ಹಳೇ ಕಡತಗಳ ದೊಡ್ಡ ಸಂಗ್ರಹವೇ ಇದೆ.

ಗಿಟ್‌ನಲ್ಲಿ ಕಮಿಟ್ ಶಾಸನದ ಹಾಗೆ. ಬ್ರಾಂಚ್ ಬಳಪದಲ್ಲಿ ಬರೆದ ಹೆಸರು. ಈ ಒಂದು ಭೇದ ಗೊತ್ತಿದ್ದರೆ ಗಿಟ್‌ನ ಅರ್ಧಕ್ಕಿಂತ ಜಾಸ್ತಿ ಭಯ ಹೋಗುತ್ತದೆ. ನನಗೆ ಹೋಯಿತು.

ಪರದೆ ನೋಡಿ. ಒಂದು ಹೊಸ ಫೋಲ್ಡರ್ ಮಾಡಿ, ಗಿಟ್ ಇನಿಟ್ ಹೇಳಿ, ಒಂದು ಫೈಲ್ ಹಾಕಿ ಕಮಿಟ್ ಮಾಡಿದ್ದೇನೆ. ಈಗ ಡಾಟ್ ಗಿಟ್ ಅನ್ನುವ ಮರೆಯ ಫೋಲ್ಡರ್ ತೆರೆಯುತ್ತೇನೆ. ನಿಮ್ಮಲ್ಲಿ ಹಲವರು ಇದನ್ನು ಒಮ್ಮೆಯೂ ತೆರೆದಿಲ್ಲ, ಮುಟ್ಟಿದರೆ ಕೆಡುತ್ತದೆ ಅಂತ. ನೋಡುವುದರಿಂದ ಏನೂ ಕೆಡುವುದಿಲ್ಲ. ಒಳಗೆ ರೆಫ್ಸ್, ಅದರೊಳಗೆ ಹೆಡ್ಸ್, ಅದರೊಳಗೆ ಮೇನ್ ಅಂತ ಒಂದು ಪುಟ್ಟ ಫೈಲ್. ಅದನ್ನು ತೆರೆದರೆ 40 ಅಕ್ಷರ, ಒಂದು ಸಾಲಿನ ಕೊನೆ. ಒಟ್ಟು 41 ಬೈಟ್. ಬ್ರಾಂಚ್ ಅಂದರೆ ಇಷ್ಟೇ. ಇಡೀ ಪ್ರಾಜೆಕ್ಟಿನ ಕಾಪಿ ಎಲ್ಲಿ, ಈ 41 ಬೈಟ್ ಎಲ್ಲಿ! "ಮೇನ್ ಅಂದರೆ ಸದ್ಯಕ್ಕೆ ಆ ಕಲ್ಲು" ಅಂತ ಬಳಪದಲ್ಲಿ ಬರೆದ ಒಂದು ಸಾಲು. ಹೊಸ ಕಮಿಟ್ ಮಾಡಿದಾಗ ಆ ಸಾಲು ಒರೆಸಿ ಹೊಸ ಕಲ್ಲಿನ ಗುರುತು ಬರೆಯುತ್ತದೆ. ಬ್ರಾಂಚ್ ಡಿಲೀಟ್ ಮಾಡಿದರೆ ಅಳಿಯುವುದು ಆ ಸಾಲು ಮಾತ್ರ.

ಹೆಡ್ ಅನ್ನುವುದೂ ಒಂದು ಸಣ್ಣ ಫೈಲ್. "ನೀನು ಈಗ ಮೇನ್ ಹತ್ತಿರ ಇದ್ದೀಯ" ಅಂತ ಬರೆದಿರುತ್ತದೆ. ಹೆಡ್ ಡಿಟ್ಯಾಚ್ ಆಗಿದೆ ಅಂದರೆ, ನೀವು ಯಾವ ಹೆಸರನ್ನೂ ಹಿಡಿಯದೆ ನೇರ ಒಂದು ಕಲ್ಲಿನ ಮುಂದೆ ನಿಂತಿದ್ದೀರಿ ಅಂತ. ಅಷ್ಟೇ. ಅಲ್ಲೇ ಹೊಸ ಬ್ರಾಂಚ್ ಹೆಸರು ಕೊಟ್ಟರೆ ಮುಗಿಯಿತು. ಆ ಒಂದು ವಾಕ್ಯಕ್ಕೆ ಹೆದರಿ ನಾನು ನಾಲ್ಕು ದಿನದ ಕೆಲಸ ಕಳೆದುಕೊಂಡೆ.

ಇನ್ನು ಕಲ್ಲಿನ ಮೇಲೆ ಏನು ಬರೆದಿದೆ? ಗಿಟ್ ಕ್ಯಾಟ್-ಫೈಲ್ ಅಂತ ಒಂದು ಕಮಾಂಡ್ ಇದೆ. ಅದರಿಂದ ನೋಡಿದರೆ ಒಂದು ಕಮಿಟ್ ಕೆಲವೇ ಸಾಲು. ಆ ಹೊತ್ತಿಗೆ ಫೋಲ್ಡರ್ ಹೇಗಿತ್ತು ಅನ್ನುವುದರ ಗುರುತು. ಹಿಂದಿನ ಕಮಿಟ್ ಯಾವುದು. ಯಾರು ಬರೆದರು, ಯಾವಾಗ. ಏನು ಮಾಡಿದರು ಅಂತ ಅವರದೇ ಮಾತಿನಲ್ಲಿ ಒಂದು ಟಿಪ್ಪಣಿ. ಬೇಲೂರಿನ ಶಿಲ್ಪಿಗಳು ಮದನಿಕೆಯ ಕಾಲಡಿ ತಮ್ಮ ಹೆಸರು ಕೆತ್ತಿದ್ದಾರಲ್ಲ, ದಾಸೋಜ, ಚಾವಣ ಅಂತ. ಅದನ್ನು ನೋಡಿದಾಗಲೆಲ್ಲ ನನಗೆ ಕಮಿಟ್ ನೆನಪಾಗುತ್ತದೆ. ಒಂದು ಎಚ್ಚರಿಕೆ. ಗಿಟ್‌ನಲ್ಲಿ ಆ ಹೆಸರನ್ನು ಯಾರೂ ತಾಳೆ ನೋಡುವುದಿಲ್ಲ. ಸೆಟ್ಟಿಂಗ್‌ನಲ್ಲಿ ಯಾವ ಹೆಸರು ಹಾಕಿದರೂ ಅದೇ ಬೀಳುತ್ತದೆ. ಖಾತ್ರಿ ಬೇಕಾದರೆ ಕಮಿಟ್‌ಗೆ ಡಿಜಿಟಲ್ ಸಹಿ ಹಾಕಬೇಕು.

ಆ 40 ಅಕ್ಷರದ ಗುರುತು ಎಲ್ಲಿಂದ ಬಂತು ಅನ್ನುವುದು ಇನ್ನೂ ಚೆಂದ. ರೈಸ್ ಅವರು ಶಾಸನಕ್ಕೆ ಕೊಟ್ಟ ನಂಬರ್ ಮನುಷ್ಯ ಕೊಟ್ಟದ್ದು. ಒಂದು, ಎರಡು, ಮೂರು ಅಂತ. ಗಿಟ್‌ನಲ್ಲಿ ಗುರುತು ಕಲ್ಲಿನ ಮೇಲಿನ ಬರಹದಿಂದಲೇ ಲೆಕ್ಕ ಹಾಕಿ ಬರುತ್ತದೆ. ಒಂದು ಅಕ್ಷರ ಬದಲಾದರೂ ಗುರುತು ಪೂರ್ತಿ ಬೇರೆ. ಪ್ರತಿ ಕಮಿಟ್‌ನಲ್ಲಿ ಹಿಂದಿನ ಕಮಿಟ್‌ನ ಗುರುತೂ ಇರುತ್ತದಲ್ಲ, ಹಾಗಾಗಿ ಹಳೆಯದೊಂದನ್ನು ಗುಟ್ಟಾಗಿ ತಿದ್ದಿದರೆ ಮುಂದಿನ ಎಲ್ಲದರ ಗುರುತೂ ಬದಲಾಗಿಬಿಡುತ್ತದೆ. ಕದ್ದು ತಿದ್ದಲು ಆಗುವುದಿಲ್ಲ.

ಕಮಿಟ್ ಬರೀ ವ್ಯತ್ಯಾಸವನ್ನು ಉಳಿಸುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಪರದೆಯಲ್ಲಿ ಹಸಿರು, ಕೆಂಪು ಸಾಲುಗಳನ್ನೇ ನೋಡುತ್ತೇವೆ, ಹಾಗನಿಸುವುದು ಸಹಜ. ನಿಜವಾಗಿ ಪ್ರತಿ ಕಮಿಟ್ ಆ ಹೊತ್ತಿನ ಇಡೀ ಫೋಲ್ಡರಿನ ಚಿತ್ರವನ್ನು ಹಿಡಿದಿರುತ್ತದೆ. ಬದಲಾಗದ ಫೈಲ್‌ಗಳನ್ನು ಮತ್ತೆ ಬರೆಯುವುದಿಲ್ಲ, ಹಳೆಯದರ ಗುರುತನ್ನೇ ಹಾಕಿಕೊಳ್ಳುತ್ತದೆ. ಜಾಗ ಉಳಿಸಲು ಆಮೇಲೆ ಒಳಗೊಳಗೆ ವ್ಯತ್ಯಾಸ ಮಾತ್ರ ಇಟ್ಟು ಕಟ್ಟುಕಟ್ಟುತ್ತದೆ, ಅದು ಬೇರೆ ವಿಷಯ. ನಮಗೆ ಕಾಣುವ ವ್ಯತ್ಯಾಸವನ್ನು ಕೇಳಿದಾಗಲೆಲ್ಲ ಎರಡು ಚಿತ್ರ ಹೋಲಿಸಿ ತೋರಿಸುತ್ತದೆ.

ಇದು ತಿಳಿದ ಮೇಲೆ ಅಮೆಂಡ್, ರಿಬೇಸ್ ಎರಡೂ ಬೇರೆಯೇ ಕಾಣುತ್ತವೆ. ಅಮೆಂಡ್ ಅಂದರೆ ತಿದ್ದುಪಡಿ. ಹಳೇ ಕಮಿಟ್ ತಿದ್ದುತ್ತದೆ ಅನಿಸುತ್ತದೆ ಅಲ್ವಾ? ಅದು ತಿದ್ದುವುದಿಲ್ಲ. ಹೊಸ ಕಲ್ಲು ಕೆತ್ತಿ, ಬಳಪದ ಹೆಸರನ್ನು ಅದರ ಕಡೆ ತಿರುಗಿಸುತ್ತದೆ. ಹಳೇ ಕಲ್ಲು ನಿಂತಲ್ಲೇ ಇರುತ್ತದೆ. ರಿಬೇಸ್ ಹಾಗೇ. ನಿಮ್ಮ ಐದು ಕಮಿಟ್‌ಗಳನ್ನು ಎತ್ತಿ ಬೇರೆ ಕಡೆ ಇಡುವುದಿಲ್ಲ. ಅವನ್ನು ನೋಡಿ ಐದು ಹೊಸದು ಕೆತ್ತುತ್ತದೆ. ಗುರುತು ಎಲ್ಲಾ ಹೊಸದು. ಹಳೇ ಐದು ಕಲ್ಲುಗಳಿಗೆ ಹೋಗುವ ದಾರಿ ಮಾತ್ರ ಮುಚ್ಚಿದೆ, ಲಂಟಾನ ಬೆಳೆದ ತೋಟದಂಚಿನ ವೀರಗಲ್ಲಿನ ಹಾಗೆ. ಊರಿನ ಹಿರಿಯರನ್ನು ಕೇಳಿದರೆ "ಅಲ್ಲೇ ಇದೆ, ಬಾ ತೋರಿಸ್ತೀನಿ" ಅನ್ನುತ್ತಾರೆ. ಗಿಟ್‌ನಲ್ಲಿ ಆ ಹಿರಿಯರು ರೆಫ್‌ಲಾಗ್. ನೀವು ಎಲ್ಲೆಲ್ಲಿ ನಿಂತಿದ್ದಿರಿ, ಯಾವಾಗ ಎಲ್ಲಿಗೆ ಹೋದಿರಿ ಅನ್ನುವುದನ್ನು ಅದು ಸಾಲಾಗಿ ಬರೆದಿಟ್ಟಿರುತ್ತದೆ. ಅದು ನಿಮ್ಮ ಯಂತ್ರದಲ್ಲಿ ಮಾತ್ರ ಇರುತ್ತದೆ. ಕ್ಲೋನ್ ಮಾಡಿದರೆ ಬರುವುದಿಲ್ಲ. ಅದಕ್ಕೇ ಹೇಳುತ್ತೇನೆ, ಏನೇ ಆಗಲಿ ಫೋಲ್ಡರ್ ಡಿಲೀಟ್ ಮಾಡಬೇಡಿ.

ರಿಬೇಸ್ ಯಾವಾಗ ಗಲಾಟೆ ಮಾಡುತ್ತದೆ ಅನ್ನುವುದೂ ಈಗ ಸ್ಪಷ್ಟವಾಗುತ್ತದೆ. ನೀವೊಬ್ಬರೇ ನೋಡುವ ಬ್ರಾಂಚ್ ಆದರೆ ಎಷ್ಟು ಸಲ ಬೇಕಾದರೂ ಮಾಡಿ. ಇನ್ನೊಬ್ಬರು ಹಳೇ ಕಲ್ಲುಗಳ ಮೇಲೆ ಕೆಲಸ ಕಟ್ಟಿದ್ದರೆ, ನೀವು ಹೊಸ ಕಲ್ಲು ಕೆತ್ತಿ ಫೋರ್ಸ್ ಪುಶ್, ಅಂದರೆ ಸರ್ವರ್‌ನಲ್ಲಿರುವುದನ್ನು ಬಲವಂತವಾಗಿ ಬದಲಿಸುವ ಪುಶ್, ಮಾಡಿದಾಗ ಇಬ್ಬರ ಚರಿತ್ರೆ ಎರಡಾಗುತ್ತದೆ. ಎಲ್ಲರೂ ನೋಡುವ ಹಲಗೆಯ ಮೇಲಿನ ಬಳಪವನ್ನು ಕೇಳದೆ ಒರೆಸಿದ ಹಾಗೆ. ಮಾಡಲೇಬೇಕಾದರೆ ಫೋರ್ಸ್-ವಿತ್-ಲೀಸ್ ಬಳಸಿ. ಸರ್ವರ್‌ನಲ್ಲಿ ನಾನು ಕೊನೆಗೆ ನೋಡಿದ್ದೇ ಇದೆಯಾ ಅಂತ ಪರೀಕ್ಷಿಸಿ ಆಮೇಲೆ ಒರೆಸುತ್ತದೆ. ಎಡಿಟರ್ ಹಿನ್ನೆಲೆಯಲ್ಲಿ ತಾನೇ ಫೆಚ್ ಮಾಡಿ ಸರ್ವರ್‌ನ ಹೊಸ ಸ್ಥಿತಿ ತರುತ್ತಿದ್ದರೆ ಈ ಕಾವಲೂ ಮೋಸ ಹೋಗುತ್ತದೆ. ನಿಮಗೆ ಗೊತ್ತಿಲ್ಲದೆ "ಕೊನೆಗೆ ನೋಡಿದ್ದು" ಬದಲಾಗಿರುತ್ತದೆ.

ಎರಡು ಬ್ರಾಂಚ್‌ಗಳ ಕೆಲಸವನ್ನು ಕೂಡಿಸುವ ಮರ್ಜ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಇದನ್ನು ಸರಿಯಾಗಿ ತಿಳಿದವರು ಇನ್ನೂ ಕಡಿಮೆ.

ಇಲ್ಲಿ ತೋಟದ ಮನೆಯಿಂದ ಬಂದವರು ಜಾಸ್ತಿ ಇದ್ದೀರಿ. ಸೆವೆನ್ ನೈಂಟಿಫೈವ್ ಗಿಡ ಗೊತ್ತಲ್ಲ, ಎಸ್. 795. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ ಬಂದ ತಳಿ. ಎಸ್. 288 ಮತ್ತು ಕೆಂಟ್ಸ್ ಅನ್ನುವ ಎರಡು ಅರೇಬಿಕಾಗಳನ್ನು ಕೂಡಿಸಿ ಮಾಡಿದ್ದು. ಅಪ್ಪ ಅಮ್ಮ ಯಾರು ಅಂತ ದಾಖಲೆಯಲ್ಲಿ ಬರೆದಿದೆ. ಮರ್ಜ್ ಕಮಿಟ್ ಕೂಡ ಹಾಗೇ. ಅದರ ಕಲ್ಲಿನ ಮೇಲೆ ಎರಡು ಹಿಂದಿನ ಕಮಿಟ್‌ಗಳ ಗುರುತು ಇರುತ್ತದೆ.

ಆದರೆ ಕೂಡಿಸುವಾಗ ಗಿಟ್ ನೋಡುವುದು ಎರಡನ್ನಲ್ಲ, ಮೂರನ್ನು. ಒಂದು ಉದಾಹರಣೆ. ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಬಿಲ್ ಮಾಡುವ ಪ್ರೋಗ್ರಾಂ ಅಂದುಕೊಳ್ಳಿ. ನನ್ನ ಫೈಲಿನಲ್ಲಿ ಚೀಲಕ್ಕೆ 50 ರೂಪಾಯಿ ಅಂತ ಇದೆ. ನಿಮ್ಮದರಲ್ಲಿ 60. ಈ ಎರಡನ್ನೇ ನೋಡಿದರೆ ಯಾವುದು ಹೊಸದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ನಾವಿಬ್ಬರೂ ಬೇರೆಯಾಗುವ ಮುಂಚಿನ ಕಮಿಟ್ ನೋಡಿದರೆ ಅಲ್ಲಿ 50 ಇತ್ತು. ಅಂದರೆ ನಾನು ಮುಟ್ಟಿಲ್ಲ, ನೀವು ಬದಲಿಸಿದ್ದೀರಿ. ಗಿಟ್ 60 ತೆಗೆದುಕೊಳ್ಳುತ್ತದೆ, ಯಾರನ್ನೂ ಕೇಳುವುದಿಲ್ಲ. ಅಲ್ಲಿ 45 ಇದ್ದಿದ್ದರೆ ಇಬ್ಬರೂ ಬದಲಿಸಿದ್ದೇವೆ ಅಂತಾಯಿತು. ಆಗ ಮಾತ್ರ ಕಾನ್ಫ್ಲಿಕ್ಟ್, ಅಂದರೆ ಯಾವುದು ಬೇಕು ಅಂತ ಗಿಟ್ ನಮಗೇ ಬಿಡುತ್ತದೆ. ಅಣ್ಣತಮ್ಮಂದಿರು ಬೇಲಿಗೆ ಜಗಳವಾಡಿದರೆ ಹಳೇ ನಕ್ಷೆ ತೆಗೆಸುತ್ತಾರಲ್ಲ, ಅದೇ ಕೆಲಸ.

ಬೇಸರದ ಸಂಗತಿ ಏನಂದರೆ, ಕಾನ್ಫ್ಲಿಕ್ಟ್ ಬಂದಾಗ ಗಿಟ್ ತಾನಾಗಿ ಆ ಹಳೇ ನಕ್ಷೆಯನ್ನು ತೋರಿಸುವುದಿಲ್ಲ. ನನ್ನದು, ನಿಮ್ಮದು ಎರಡನ್ನೇ ತೋರಿಸುತ್ತದೆ. ನಾವು ಅಂದಾಜಿನಲ್ಲಿ ಒಂದನ್ನು ಇಟ್ಟು ಇನ್ನೊಂದನ್ನು ಅಳಿಸುತ್ತೇವೆ. ಮರ್ಜ್ ಕಾನ್ಫ್ಲಿಕ್ಟ್‌ಸ್ಟೈಲ್ ಅಂತ ಒಂದು ಸೆಟ್ಟಿಂಗ್ ಇದೆ. ಅದನ್ನು ಡಿಫ್3 ಅಂತ ಮಾಡಿ. 2022ರ ಜನವರಿಯಲ್ಲಿ ಬಂದ 2.35ರಿಂದ ಈಚೆಗೆ ಜೆಡ್‌ಡಿಫ್3 ಅಂತಲೂ ಇದೆ, ಅದು ಇನ್ನೂ ಅಚ್ಚುಕಟ್ಟು. ಆಗ ಮಧ್ಯದಲ್ಲಿ ಮೂಲ ರೂಪ ಕಾಣುತ್ತದೆ. ಇವತ್ತು ಮನೆಗೆ ಹೋಗಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ.

ಕಾನ್ಫ್ಲಿಕ್ಟ್ ಬರಲಿಲ್ಲ ಅಂದರೆ ಎಲ್ಲಾ ಸರಿ ಅಂತಲೂ ಅಲ್ಲ. ಗಿಟ್ ಸಾಲುಗಳನ್ನು ಹೋಲಿಸುತ್ತದೆ, ಕೋಡಿನ ಅರ್ಥ ಅದಕ್ಕೆ ಗೊತ್ತಿಲ್ಲ. ನಾನು ಒಂದು ಫಂಕ್ಷನ್‌ನ ಹೆಸರು ಬದಲಿಸಿದೆ. ನೀವು ಬೇರೆ ಫೈಲಿನಲ್ಲಿ ಹಳೇ ಹೆಸರಿನಲ್ಲೇ ಅದನ್ನು ಕರೆದಿರಿ. ಮರ್ಜ್ ನೀಟಾಗಿ ಆಗುತ್ತದೆ, ಪ್ರೋಗ್ರಾಂ ಮುರಿದಿರುತ್ತದೆ. ಮರ್ಜ್ ಆದ ಮೇಲೆ ಟೆಸ್ಟ್ ಓಡಿಸಲೇಬೇಕು.

ಈಗ, ಇದೆಲ್ಲ ಪ್ರೋಗ್ರಾಮರ್‌ಗಳ ಸೋಮಾರಿತನ ಅಂತ ಹೇಳಿದರೆ ಅನ್ಯಾಯ. ಮೊದಲೇ ಹೇಳಿದ ಮಾತಿಗೆ ಬರುತ್ತೇನೆ. ಗಿಟ್‌ನ ಒಳಗಿನ ವ್ಯವಸ್ಥೆ ಸರಳ. ಅದರ ಮೇಲಿನ ಪದಗಳು ಸರಳವಾಗಿಲ್ಲ. ಎಂಐಟಿಯ ಸಾಂತಿಯಾಗೋ ಪೆರೆಜ್ ಡಿ ರೊಸ್ಸೊ ಮತ್ತು ಡೇನಿಯಲ್ ಜಾಕ್ಸನ್ 2013ರಲ್ಲಿ ಗಿಟ್‌ನ ಪರಿಕಲ್ಪನೆಗಳನ್ನೇ ಬಿಡಿಸಿ ನೋಡಿದರು. ಬಳಸುವವರು ತಡವರಿಸುವುದಕ್ಕೆ ಉಪಕರಣದ ವಿನ್ಯಾಸದಲ್ಲೇ ಕಾರಣ ಇದೆ ಅಂತ ತೋರಿಸಿದರು. ಅದಕ್ಕೆ ಉತ್ತರವಾಗಿ ಗಿಟ್‌ಲೆಸ್ ಅನ್ನುವ ಬೇರೆ ರೂಪವನ್ನೂ ಕಟ್ಟಿದರು. ಅದು ಹೆಚ್ಚು ಹರಡಲಿಲ್ಲ. ಆದರೆ ಅವರು ಎತ್ತಿದ ಪ್ರಶ್ನೆ ಸರಿಯಾದದ್ದೇ ಅಂತ ನಾನು ನಂಬುತ್ತೇನೆ.

ಚೆಕ್‌ಔಟ್ ಒಂದನ್ನೇ ನೋಡಿ. ಬ್ರಾಂಚ್ ಹೆಸರು ಕೊಟ್ಟರೆ ಆ ಬ್ರಾಂಚ್‌ಗೆ ಹೋಗುತ್ತದೆ, ಏನೂ ನಷ್ಟ ಇಲ್ಲ. ಅದೇ ಕಮಾಂಡ್‌ಗೆ ಫೈಲ್ ಹೆಸರು ಕೊಟ್ಟರೆ, ಆ ಫೈಲಿನಲ್ಲಿ ನೀವು ಮಾಡಿದ ಬದಲಾವಣೆಯನ್ನು ಕೇಳದೆ ಹೇಳದೆ ಅಳಿಸಿಬಿಡುತ್ತದೆ. ಒಂದೇ ಪದಕ್ಕೆ ಎರಡು ಕೆಲಸ. ಒಂದು ಸಾಧು, ಇನ್ನೊಂದು ಅಪಾಯ. 2019ರ ಆಗಸ್ಟ್‌ನಲ್ಲಿ 2.23 ಬಂದಾಗ ಇದನ್ನು ಸ್ವಿಚ್, ರಿಸ್ಟೋರ್ ಅಂತ ಎರಡು ಮಾಡಿದರು. ಗಿಟ್ ಹುಟ್ಟಿ 14 ವರ್ಷ ಆದ ಮೇಲೆ. ಎಷ್ಟೋ ಕಾಲೇಜುಗಳಲ್ಲಿ ಈಗಲೂ ಚೆಕ್‌ಔಟ್ ಅನ್ನೇ ಹೇಳಿಕೊಡುತ್ತಾರೆ. ಕಲಿಸುವ ಮೇಷ್ಟ್ರುಗಳು ಇಲ್ಲಿದ್ದರೆ ದಯವಿಟ್ಟು ಬದಲಿಸಿ.

ಅಳಿಸುವ ಮಾತು ಬಂತಲ್ಲ. ಇಲ್ಲಿಯವರೆಗೆ ಕಲ್ಲು, ಬಳಪ ಅಂದೆ. ಮೂರನೆಯದೂ ಒಂದಿದೆ. ಇನ್ನೂ ಕಮಿಟ್ ಮಾಡದ ಕೆಲಸ. ಅದು ನೀರಿನ ಮೇಲೆ ಬರೆದ ಹಾಗೆ. ರಿಸೆಟ್ ಹಾರ್ಡ್, ರಿಸ್ಟೋರ್, ಕ್ಲೀನ್, ಈ ಮೂರು ಅದನ್ನು ತೆಗೆದರೆ ರೆಫ್‌ಲಾಗ್ ಕೂಡ ಏನೂ ಮಾಡಲಾರದು. ಗಿಟ್ ಆ್ಯಡ್ ಮಾಡಿದ್ದರೆ ಮಾತ್ರ ಒಂದು ಆಸೆ ಇದೆ. ಆ್ಯಡ್ ಹೇಳಿದ ಕೂಡಲೇ ಫೈಲಿನ ಒಳಗಿನದು ಗಿಟ್‌ನ ಉಗ್ರಾಣಕ್ಕೆ ಸೇರಿರುತ್ತದೆ, ಎಫ್‌ಎಸ್‌ಸಿಕೆ ಕಮಾಂಡ್‌ನಿಂದ ಹುಡುಕಿ ತೆಗೆಯಬಹುದು. ಜನ ಭಯಪಡುವುದು ರಿಬೇಸ್‌ಗೆ, ಮರ್ಜ್‌ಗೆ. ಅಲ್ಲೆಲ್ಲ ಕಲ್ಲು ಉಳಿದಿರುತ್ತದೆ. ಭಯಪಡಬೇಕಾದ್ದು ದಿನಗಟ್ಟಲೆ ಕಮಿಟ್ ಮಾಡದೆ ಇರುವುದಕ್ಕೆ. ಕೊಪ್ಪದ ಹುಡುಗನ ಮೂರು ದಿನ ನಿಜವಾಗಿ ಅಪಾಯದಲ್ಲಿತ್ತು.

ಕಲ್ಲು ಉಳಿಯುತ್ತದೆ ಅನ್ನುವುದು ಯಾವಾಗಲೂ ಒಳ್ಳೆಯದೇ ಅಂತಲೂ ಅಲ್ಲ. ಪಾಸ್‌ವರ್ಡ್ ಇರುವ ಫೈಲನ್ನು ತಪ್ಪಿ ಕಮಿಟ್ ಮಾಡಿ ಪುಶ್ ಮಾಡಿದಿರಿ. ಗೊತ್ತಾಗಿ ಮುಂದಿನ ಕಮಿಟ್‌ನಲ್ಲಿ ತೆಗೆದಿರಿ. ಫೋಲ್ಡರ್‌ನಲ್ಲಿ ಕಾಣುವುದಿಲ್ಲ, ಸಮಾಧಾನ ಆಯಿತು. ಆದರೆ ಹಿಂದಿನ ಕಲ್ಲಿನ ಮೇಲೆ ಅದು ಹಾಗೇ ಇದೆ. ಯಾರು ಬೇಕಾದರೂ ಹಿಂದೆ ಹೋಗಿ ಓದಬಹುದು. ಯಾವ ಫೈಲ್ ಬೇಡ ಅಂತ ಗಿಟ್‌ಗೆ ಹೇಳುವ ಗಿಟ್‌ಇಗ್ನೋರ್‌ನಲ್ಲಿ ಆ ಹೆಸರು ಸೇರಿಸಿದರೂ ಆಗುವುದಿಲ್ಲ, ಒಮ್ಮೆ ಗಿಟ್‌ಗೆ ಸೇರಿದ ಫೈಲಿಗೆ ಅದು ತಾಗುವುದೇ ಇಲ್ಲ. ಮೊದಲು ಮಾಡಬೇಕಾದ್ದು ಆ ಪಾಸ್‌ವರ್ಡ್ ಬದಲಿಸುವುದು. ಚರಿತ್ರೆ ತೊಳೆಯುವ ಕೆಲಸ ಆಮೇಲೆ.

ಮಾತು ಮುಗಿದ ಮೇಲೆ ಮೂಡಿಗೆರೆಯಿಂದ ಬಂದಿದ್ದ ಒಬ್ಬರು ಎದ್ದು ಕೇಳಿದರು. "ಮೇಡಂ, ಈಗ ಎಐ ಕೇಳಿದ್ರೆ ಬೇಕಾದ ಕಮಾಂಡ್ ಕೊಡುತ್ತೆ. ಇಷ್ಟೆಲ್ಲಾ ಒಳಗಿನ ವಿಷಯ ಯಾಕೆ ಬೇಕು?" ಒಳ್ಳೆಯ ಪ್ರಶ್ನೆ. ನಾನೂ ಎಐಯನ್ನು ಕೇಳುತ್ತೇನೆ. ಆದರೆ ಅದು ಕೊಟ್ಟ ಸಾಲನ್ನು ಒತ್ತುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇರಬೇಕು. ಇದು ಮುಟ್ಟುವುದು ಕಲ್ಲನ್ನಾ, ಬಳಪವನ್ನಾ, ಕಮಿಟ್ ಆಗದ ಕೆಲಸವನ್ನಾ? ಅದು ಕೊಟ್ಟ ಸಾಲಿನಲ್ಲಿ ಹಾರ್ಡ್ ಅನ್ನುವ ಪದ ಇದ್ದರೆ ನನ್ನ ಕೈ ನಿಲ್ಲಬೇಕು. ಆ ಪದ ಏನು ಮಾಡುತ್ತದೆ ಅಂತ ಗೊತ್ತಿದ್ದರೆ ಮಾತ್ರ ಕೈ ನಿಲ್ಲುತ್ತದೆ. ಹೇಗೆ ಕಲಿಯುವುದು ಅಂತಲೂ ಅವರೇ ಕೇಳಿದರು. ಒಂದು ಖಾಲಿ ಫೋಲ್ಡರ್ ಮಾಡಿ. ಬೇಕೆಂದೇ ಕೆಡಿಸಿ. ಬ್ರಾಂಚ್ ಅಳಿಸಿ, ರಿಸೆಟ್ ಮಾಡಿ, ಕಾನ್ಫ್ಲಿಕ್ಟ್ ತರಿಸಿ. ಪ್ರತಿ ಸಲ ಡಾಟ್ ಗಿಟ್ ಒಳಗೆ ಏನು ಬದಲಾಯಿತು ಅಂತ ನೋಡಿ. ಎರಡು ಸಂಜೆ ಸಾಕು. ಕಳೆದುಕೊಳ್ಳಲು ಏನೂ ಇಲ್ಲದ ಜಾಗದಲ್ಲಿ ಒಮ್ಮೆ ಕಳೆದು ಹುಡುಕಿದವರಿಗೆ ಆಫೀಸಿನಲ್ಲಿ ಕೈ ನಡುಗುವುದಿಲ್ಲ.

ಎಲ್ಲರೂ ಕಾಫಿಗೆ ಎದ್ದ ಮೇಲೆ ಕೊನೇ ವರ್ಷದ ಒಬ್ಬಳು ಹುಡುಗಿ ಲ್ಯಾಪ್‌ಟಾಪ್ ಹಿಡಿದು ಹತ್ತಿರ ಬಂದಳು. ಪ್ರಾಜೆಕ್ಟಿನ ಒಂದು ಬ್ರಾಂಚ್ ಬೇಡ ಅಂತ ಅಳಿಸಿದ್ದಳಂತೆ, ಮರ್ಜ್ ಆಗಿದೆ ಅಂದುಕೊಂಡು. ಆಗಿರಲಿಲ್ಲ. ಪುಶ್ ಕೂಡ ಮಾಡಿರಲಿಲ್ಲ. ಪ್ರಾಜೆಕ್ಟಿನ ಜೊತೆಗಾತಿಗೆ ಇನ್ನೂ ಹೇಳಿಲ್ಲ ಅಂದಳು. ಗೈಡ್ ಮುಂದೆ ತೋರಿಸುವ ದಿನ ಹತ್ತಿರ ಬಂದಿತ್ತು.

"ಫೋಲ್ಡರ್ ಅದೇ ಇದೆಯಾ?" ಅಂದೆ. "ಇದೆ ಮೇಡಂ. ಡಿಲೀಟ್ ಮಾಡೋಣ ಅಂತಿದ್ದೆ" ಅಂದಳು.

ರೆಫ್‌ಲಾಗ್ ಹೇಳು ಅಂದೆ. ಸಾಲುಗಳು ಬಂದವು. ಅವಳೇ ಕೆಳಗೆ ಕೆಳಗೆ ಹೋಗಿ ಓದಿದಳು. ತಾನೇ ಬರೆದ ಟಿಪ್ಪಣಿ ಸಿಕ್ಕಿತು, "ಹಾಜರಾತಿ ರಿಪೋರ್ಟ್ ಮುಗೀತು" ಅಂತ. ಆ ಸಾಲಿನ ಮೊದಲ ಏಳು ಅಕ್ಷರ ಕಾಪಿ ಮಾಡಿ, ಹೊಸ ಬ್ರಾಂಚ್ ಹೆಸರು ಕೊಟ್ಟಳು. ಫೈಲ್‌ಗಳು ಒಂದೊಂದಾಗಿ ಎಡಿಟರ್‌ನಲ್ಲಿ ಕಾಣಿಸಿಕೊಂಡವು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ ಅವಳು.

ಆಮೇಲೆ ಕೇಳಿದಳು. "ಇದು ಎಷ್ಟು ದಿನ ಹೀಗೆ ಇರುತ್ತೆ ಮೇಡಂ?"

ಯಾವುದಾದರೂ ಹೆಸರಿನಿಂದ ದಾರಿ ಇರುವ ಕಮಿಟ್ ಆದರೆ ರೆಫ್‌ಲಾಗ್‌ನಲ್ಲಿ 90 ದಿನ, ದಾರಿಯೇ ಇಲ್ಲದ್ದಾದರೆ 30 ದಿನ. ಸೆಟ್ಟಿಂಗ್ ಬದಲಿಸದಿದ್ದರೆ ಇದೇ ಲೆಕ್ಕ. ಅದು ಕಳೆದ ಮೇಲೆ ಗಿಟ್ ಗುಡಿಸುವಾಗ ಹೋಗುತ್ತದೆ ಅಂದೆ.

ಅವಳು ಮೊಬೈಲಿನಲ್ಲಿ ಕ್ಯಾಲೆಂಡರ್ ತೆಗೆದು ಬೆರಳಿಟ್ಟು ಎಣಿಸಿದಳು. ಬ್ರಾಂಚ್ ಅಳಿಸಿ 19 ದಿನ ಆಗಿತ್ತು.